ಒಳಗೆ ಕಲಾಯಿ ಹಾಕಿದ ಟೊಪ್ಪಿಗೆ

ಹೋದ ವಾರ ಧಾರವಾಡದ ನಮ್ಮ ಓಣಿಗೆ ಕಲಾಯಿ ಹಾಕುವವನೊಬ್ಬ ಬಂದಿದ್ದ. ಕಲಾಯಿಯವರೆಲ್ಲ ಎಂದೋ ಮುಗಿದುಹೋದರು ಎಂದುಕೊಂಡಿದ್ದೆ. ಇವನು ಸ್ಕೂಟರಿನ ಹಿಂದೆ ಸಣ್ಣ ಗ್ಯಾಸ್ ಸಿಲಿಂಡರು ಕಟ್ಟಿಕೊಂಡು ಬಂದು ಗೇಟಿನ ಮುಂದೆ ನಿಂತು ಕೂಗಿದ. ಅಟ್ಟದ ಮೇಲಿದ್ದ ಹಿತ್ತಾಳೆಯ ಬೋಗುಣಿ ಇಳಿಸಿ ಕೊಟ್ಟೆ. ಅವನು ಅದನ್ನು ಕಾಯಿಸಿ ಒಳಗೆ ನವಸಾಗರದ ಪುಡಿ ಚೆಲ್ಲಿದ. ಬಿಳಿ ಹೊಗೆ ಭುಸ್ಸೆಂದು ಎದ್ದು ಮೂಗಿಗೆ ಹೊಡೆಯಿತು… ನಾನು ಕಾಂಪೌಂಡಿನ ಗೋಡೆ ಹಿಡಿದು ನಿಂತೆ. ಹೊಗೆಗೆ ಕೆಮ್ಮು ಬಂತೆಂದು ತಿಳಿದು ಅವನು ದೂರ ಸರಿಯಿರಿ ಅಮ್ಮಾ ಎಂದ. ಕೆಮ್ಮಲ್ಲ. ಮೂವತ್ತು ವರ್ಷಕ್ಕೂ ಹಿಂದೆ ನಾಸಿಕ ಪಟ್ಟಣದಲ್ಲಿ ಇದೇ ವಾಸನೆ ನನ್ನ ಕೋಣೆಯ ಹಲಗೆ ನೆಲದ ಸಂದಿಯೊಳಗಿಂದ ದಿನವೂ ಮೇಲೆ ಬರುತ್ತಿತ್ತು.

ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ನಾನು ನಾಸಿಕಕ್ಕೆ ವರ್ಗವಾಗಿ ಹೋದದ್ದು ಎಂಬತ್ತರ ದಶಕದ ನಡುವೆ. ಆಗ ನನಗೆ ಇಪ್ಪತ್ತೆಂಟು. ಮದುವೆಯಾಗಿರಲಿಲ್ಲ, ಆಗುವ ಅವಸರವೂ ಇರಲಿಲ್ಲ. ಎಲ್ಲದರಲ್ಲೂ ನನ್ನದೇ ಸರಿ ಎಂಬ ಜಂಬ ಮಾತ್ರ ಬೇಕಾದಷ್ಟಿತ್ತು. ಹಳೇ ನಾಸಿಕದಲ್ಲಿ ತಾಮ್ರ ಹಿತ್ತಾಳೆ ಪಾತ್ರೆ ಬಡಿಯುವ ತಾಂಬಟರ ಓಣಿಯೊಳಗೆ, ಒಂದು ವಾಡೆಯ ಮಹಡಿಯ ಮೇಲೆ ಕೋಣೆ ಇದೆಯೆಂದು ಯಾರೋ ಹೇಳಿದರು. ಆ ಸದ್ದಿನಲ್ಲಿ ಮನುಷ್ಯರು ಇರುತ್ತಾರೆಯೇ ಎಂದು ಬ್ಯಾಂಕಿನವರು ನಕ್ಕರು. ನನಗೂ ಹಾಗೇ ಅನ್ನಿಸಿತ್ತು. ಆದರೆ ಕೋಣೆ ನೋಡಿ ಕೆಳಗೆ ಇಳಿಯುವಾಗ, ನಾನು ಕರ್ನಾಟಕದವಳೆಂದು ವಾಡೆಯ ಒಡತಿಯಿಂದ ತಿಳಿದುಕೊಂಡ ಹೆಂಗಸೊಬ್ಬರು ಬಾಗಿಲಲ್ಲೇ ಅಡ್ಡ ನಿಂತು, ಚಹಾ ಕುಡಿಯದೆ ಹೋಗಬಾರದೆಂದು ಕನ್ನಡದಲ್ಲಿ ಹಟ ಹಿಡಿದರು. ಅಷ್ಟಕ್ಕೇ ಸೋತು ಕೋಣೆ ಹಿಡಿದೆ.

ಅವರೇ ಕಾಕೂ. ಕೆಳಗೆ ಬೀದಿಗೆ ತೆರೆದ ಪಡಸಾಲೆಯಲ್ಲಿ ಹಿತ್ತಾಳೆ ಬಡಿಯುತ್ತಿದ್ದವರು ಅವರ ಗಂಡ, ಕಾಕಾ. ಪಡಸಾಲೆಯ ಹಿಂದೆ ಒಂದು ಅಡುಗೆಮನೆ, ಅದರ ಹಿಂದೆ ಕಲ್ಲು ಹಾಸಿದ ಅಂಗಳ, ಬಚ್ಚಲು. ಇಷ್ಟೇ ಅವರ ಮನೆ. ಗೋಕಾಕದ ಕಡೆಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಸೋದರಮಾವನ ಹತ್ತಿರ ಕೆಲಸಕ್ಕೆ ಬಂದ ಕಾಕಾ ತಿರುಗಿ ಹೋಗಿರಲಿಲ್ಲ. ಒಬ್ಬಳೇ ಮಗಳನ್ನು ಪಿಂಪಳಗಾಂವ್ ಬಸವಂತಕ್ಕೆ ಕೊಟ್ಟಿದ್ದರು. ಅವಳು ಬಂದಾಗ ತಾಯಿಯ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಹಾಗಾಗಿ ಕಾಕೂಗೆ ಕನ್ನಡದಲ್ಲಿ ಜಗಳವಾಡಲು ಒಬ್ಬರು ಬೇಕಾಗಿದ್ದರು, ನಾನು ಸಿಕ್ಕಿದೆ. ನನ್ನ ತೆಳ್ಳಗಿನ ಚಪಾತಿಯನ್ನು ಅವರು ಆಡಿಕೊಳ್ಳದ ದಿನವಿರಲಿಲ್ಲ.

ಕಾಕಾನ ಕಿವಿ ಹೋಗಿತ್ತು. ಆ ಓಣಿಯಲ್ಲಿ ಐವತ್ತು ದಾಟಿದ ಗಂಡಸರೆಲ್ಲ ಅರ್ಧ ಕಿವುಡರೇ. ಕಾಕಾ ಮಾತ್ರ ಪೂರ್ತಿ. ಎದುರಿಗೆ ನಿಂತು ಬಾಯಿ ಅಗಲಿಸಿ ಹೇಳಿದರೆ ತುಟಿ ನೋಡಿ ಅಷ್ಟಿಷ್ಟು ತಿಳಿದುಕೊಳ್ಳುತ್ತಿದ್ದರು. ಮಿಕ್ಕದ್ದು ಕೈಸನ್ನೆ, ತಲೆಯಾಡಿಸುವುದು. ಓದುಬರಹ ಇರಲಿಲ್ಲ. ಆದರೆ ವಿಚಿತ್ರವೆಂದರೆ, ಹಿತ್ತಾಳೆಯ ಸದ್ದು ಅವರಿಗೆ ಇನ್ನೂ ಮುಟ್ಟುತ್ತಿತ್ತು. ಹಿಂದೆ ಅಡುಗೆಮನೆಯಲ್ಲಿ ಒಂದು ತಟ್ಟೆ ಬಿದ್ದರೆ ಇಲ್ಲಿ ತಲೆ ಎತ್ತುತ್ತಿದ್ದರು. ಒಮ್ಮೆ ನಾನು ಬೆರಗಾದದ್ದು ನೋಡಿ ನಕ್ಕರು.

"ಮಂದಿ ಮಾತು ಹೋತ್ರಿ, ಬಾಯಾರ. ಭಾಂಡೆ ಮಾತು ಇನ್ನಾ ಕೇಳಸ್ತದ."

ಕಾಕೂಗೆ ಮೂರ್ಛೆ ಬರುತ್ತಿತ್ತು. ಮಗಳ ಬಾಣಂತನದ ವರ್ಷ ಶುರುವಾದದ್ದಂತೆ. ದವಾಖಾನೆಯ ಗುಳಿಗೆ ನುಂಗಿದರೂ ತಿಂಗಳಿಗೆ ಒಂದೆರಡು ಸಲ ತಪ್ಪುತ್ತಿರಲಿಲ್ಲ. ಮಾತಾಡುತ್ತಾ ಇದ್ದವರು ಒಮ್ಮೆಲೇ ಸುಮ್ಮನಾಗಿ, ಕಣ್ಣು ಒಂದು ಕಡೆ ಸರಿದು, ಕಡಿದ ಮರದ ಹಾಗೆ ಹಿಂದಕ್ಕೆ ಬೀಳುತ್ತಿದ್ದರು. ನೆಲವೆಲ್ಲ ಕಲ್ಲು. ಅವರ ಬೈತಲೆಯ ಎರಡೂ ಕಡೆ ಹೊಲಿಗೆಯ ಗುರುತುಗಳಿದ್ದವು. ಬೀಳುವುದಕ್ಕಿಂತ ಹೆಚ್ಚಿನ ಭಯ ಇನ್ನೊಂದಿತ್ತು. ಹಿಂದೆ ಅವರು ಬಿದ್ದರೆ ಮುಂದೆ ಕುಳಿತ ಗಂಡನಿಗೆ ಗೊತ್ತಾಗುತ್ತಿರಲಿಲ್ಲ. ಒಂದು ಸಲ ನಾನು ಬ್ಯಾಂಕಿನಿಂದ ಬಂದಾಗ ಕಾಕಾ ತನ್ನ ಪಾಡಿಗೆ ಹಂಡೆಯ ಕಂಠ ಬಡಿಯುತ್ತಾ ಕೂತಿದ್ದರು. ಹಿಂದೆ ಕಾಕೂ ರಕ್ತದಲ್ಲಿ ಬಿದ್ದಿದ್ದರು. ಎಷ್ಟು ಹೊತ್ತಿನಿಂದಲೋ…

ಡಾಕ್ಟರು ತಲೆಗೆ ಗಾದಿಯಂಥ ಬಟ್ಟೆಯ ಟೊಪ್ಪಿಗೆ ಹಾಕಿಕೊಳ್ಳಲು ಹೇಳಿದರು. ವಾಡೆಯ ಒಡತಿ ಹಳೆ ಕೌದಿ ಕತ್ತರಿಸಿ ದಪ್ಪಗೆ ಒಂದು ಹೊಲಿದುಕೊಟ್ಟರು. ಹದಿನೈದು ದಿನ ಅದು ನಡೆಯಿತು. ಒಂದು ಬೆಳಿಗ್ಗೆ ಕಾಕೂ ಬಚ್ಚಲಲ್ಲಿ ಬಿದ್ದರು. ತಲೆಗೆ ಏನೂ ಆಗಲಿಲ್ಲ. ಆದರೆ ಬಟ್ಟೆಯ ತಲೆ ಸದ್ದು ಮಾಡಲಿಲ್ಲ. ನಲ್ಲಿ ಹರಿಯುತ್ತಲೇ ಇತ್ತು, ಟೊಪ್ಪಿಗೆ ನೀರು ಕುಡಿದು ಭಾರವಾಗಿತ್ತು, ನೀರು ಮೂಗಿನ ಹತ್ತಿರಕ್ಕೆ ಬಂದಿತ್ತು. ಚೊಂಬು ತೊಳೆಯಲು ಹೋದ ಒಡತಿ ನೋಡಿ ಚೀರಿದ್ದರಿಂದ ಉಳಿದರು. ಆ ಚೀರಾಟವೂ ಕಾಕಾಗೆ ಕೇಳಿಸಲಿಲ್ಲ. ಓಣಿಯವರು ಬಂದು ಭುಜ ಅಲುಗಿಸಿ ಎಬ್ಬಿಸಬೇಕಾಯಿತು.

ಅದಾದ ಮೇಲೆ ಕಾಕಾ ಆ ಬಟ್ಟೆಯ ಟೊಪ್ಪಿಗೆಯನ್ನು ಒಲೆಗೆ ಹಾಕಿದರು. ಭಾನುವಾರ ಬೆಳಿಗ್ಗೆ ಒಡತಿಯ ಮನೆಯಲ್ಲಿ ನಾವೆಲ್ಲ ಪುರಾಣದ ಧಾರಾವಾಹಿ ನೋಡಲು ಟಿವಿ ಮುಂದೆ ಕೂರುವ ಕಾಲ ಅದು. ಪರದೆಯ ಮೇಲೆ ಒಬ್ಬ ವೀರ ಇನ್ನೊಬ್ಬನ ತಲೆಗೆ ಗದೆಯಿಂದ ಹೊಡೆದ. ಹೊಡೆಸಿಕೊಂಡವನು ಶಿರಸ್ತ್ರಾಣ ಸರಿಮಾಡಿಕೊಂಡು ಮತ್ತೆ ಎದ್ದು ನಿಂತ. ನಾವು ನಕ್ಕೆವು. ಕಾಕಾ ನಗಲಿಲ್ಲ. ಪಕ್ಕದಲ್ಲಿ ಕೂತ ಹೆಂಡತಿಯ ತಲೆಯನ್ನು ಒಂದು ಹೊಸ ಪಾತ್ರೆಯ ಅಳತೆ ತೆಗೆಯುವವರ ಹಾಗೆ ನೋಡುತ್ತಿದ್ದರು. ಮರುದಿನ ನಾನು ಮೆಟ್ಟಿಲಿಳಿಯುವಾಗ ತಡೆದು, ಹಿತ್ತಾಳೆಯಲ್ಲಿ ಅಂಥದ್ದೊಂದು ಮಾಡುತ್ತೇನೆ ಎಂದರು. ತಲೆಯೂ ಉಳಿಯುತ್ತದೆ, ಬಿದ್ದರೆ ಸದ್ದೂ ಆಗುತ್ತದೆ.

"ಅರಿವಿ ಟೋಪಿ ಸಪ್ಪಳ ಮಾಡೂದಿಲ್ರಿ. ಅಕಿ ಬಿದ್ರ ನನಗ ಗೊತ್ತಾಗಬೇಕು."

ಹಂಡೆ, ಕೊಳಗ, ಡಬ್ಬಿ, ದೀಪದ ಕಂಬ, ಇದೆಲ್ಲ ಕೈಗೆ ಬಂದ ಕೆಲಸ. ಶಿರಸ್ತ್ರಾಣವನ್ನು ಅವರು ಹತ್ತಿರದಿಂದ ಕಂಡವರಲ್ಲ. ಆಗಲೇ ನನಗೆ ಹತ್ತು ದಿನದ ತರಬೇತಿಗೆ ಔರಂಗಾಬಾದಿಗೆ, ಈಗಿನ ಸಂಭಾಜಿನಗರಕ್ಕೆ, ಹೋಗಬೇಕೆಂದು ಆದೇಶ ಬಂತು. ಅಲ್ಲಿ ಹಳೆ ಮನೆತನದವರೊಬ್ಬರು ತಮ್ಮ ವಾಡೆಯ ಎರಡು ಕೋಣೆಗಳಲ್ಲಿ ಹಿಂದಿನವರ ಕತ್ತಿ, ಗುರಾಣಿ, ಕವಚ ಜೋಡಿಸಿಟ್ಟು ಬಂದವರಿಗೆ ತೋರಿಸುತ್ತಾರೆಂದು ಕಾಕಾ ಯಾವುದೋ ವ್ಯಾಪಾರಿಯಿಂದ ತಿಳಿದುಕೊಂಡಿದ್ದರು. ಸಿಪಾಯಿಗಳ ಟೊಪ್ಪಿಗೆ ಹೇಗಿರುತ್ತದೆ, ಎಷ್ಟು ತುಂಡು, ಎಲ್ಲಿ ಜೋಡಿಸಿದ್ದಾರೆ, ನೋಡಿ ಬರೆದುಕೊಂಡು ಬರಬೇಕು ಎಂದು ಕೇಳಿಕೊಂಡರು. ಕೈಮುಗಿದೇ ಕೇಳಿದರು. ಓಹೋ, ಅದೇನು ದೊಡ್ಡ ಕೆಲಸ ಎಂದೆ.

ಮನ್ಮಾಡದಲ್ಲಿ ಗಾಡಿ ಬದಲಿಸಿ ಹೋದೆ. ತರಬೇತಿ ನಡೆಯಿತು, ಗೆಳತಿಯರಾದರು, ಸಂಜೆಗಳು ತಿರುಗಾಟದಲ್ಲಿ ಕಳೆದವು. ಕಾಕಾನ ಕೆಲಸ ಕೊನೆಯ ದಿನಕ್ಕೆ ಉಳಿಯಿತು. ಆ ದಿನವೂ ಮೊದಲು ಅಮ್ಮನಿಗೆ ಅಲ್ಲಿಯ ಹೆಸರಾದ ನೇಯ್ಗೆಯ ಹಿಮರೂ ಶಾಲೊಂದನ್ನು ಕೊಳ್ಳಲು ಹೋದೆ. ಚೌಕಾಸಿಗೆ ಬಿದ್ದರೆ ನನಗೆ ಲೋಕದ ಎಚ್ಚರ ಇರುವುದಿಲ್ಲ. ಆ ವಾಡೆ ಮುಟ್ಟಿದಾಗ ಬಸ್ಸಿಗೆ ಮುಕ್ಕಾಲು ಗಂಟೆ ಉಳಿದಿತ್ತು. ಅಲ್ಲಿನ ಮುದುಕ ಪಹರೆಯವನು ಕಿಟಕಿ ತೆರೆದು, ಮರದ ಗೂಟದ ಮೇಲಿದ್ದ ಒಂದು ಶಿರಸ್ತ್ರಾಣ ತೋರಿಸಿದ. ಬ್ಯಾಂಕಿನ ಚೀಟಿಯ ಹಿಂಭಾಗದಲ್ಲಿ ಬೇಗಬೇಗ ಚಿತ್ರ ಬರೆದೆ. ನೆತ್ತಿಯ ಬಟ್ಟಲು, ಹಣೆಯ ಪಟ್ಟಿ, ಕಿವಿ ಮುಚ್ಚುವ ಎರಡು ತುಂಡು, ಕುತ್ತಿಗೆಯ ಹಿಂದೆ ಒಂದರ ಮೇಲೊಂದು ಸರಿಯುವ ಪಟ್ಟಿಗಳು. ಚಿತ್ರ ಚೆನ್ನಾಗಿಯೇ ಬಂತು. ಮುದುಕ ಅದನ್ನು ಗೂಟದಿಂದ ಎತ್ತಿ, ಒಳಗೂ ನೋಡಬೇಕೇ ಎಂದು ಕೇಳಿದ. ನಾನು ಕೈಗಡಿಯಾರ ನೋಡಿದೆ. ಬೇಡ, ಬಸ್ಸಿದೆ ಎಂದೆ.

ಚಿತ್ರ ನೋಡಿ ಕಾಕಾಗೆ ಆದ ಸಂತೋಷ ಹೇಳತೀರದು. ಆ ಚೀಟಿಯನ್ನು ಗೋಡೆಗೆ ಅಂಟಿಸಿಕೊಂಡರು. ಮರುದಿನದಿಂದ ಬಂದ ಕೆಲಸವನ್ನೆಲ್ಲ ಬದಿಗೆ ಸರಿಸಿ ಇದಕ್ಕೇ ಕುಳಿತರು.

ಮೊದಲು ತಲೆಯ ಅಳತೆ. ಬಗ್ಗುವ ಸೀಸದ ತಂತಿಯನ್ನು ಕಾಕೂನ ಹಣೆಯಿಂದ ಹಿಂದಲೆಯವರೆಗೆ, ಕಿವಿಯಿಂದ ಕಿವಿಗೆ, ಸುತ್ತಲೂ ಒತ್ತಿ ತೆಗೆದು, ಅದನ್ನು ಹಾಗೇ ನೆಲದ ಮೇಲಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆದರು. ನೆಲದ ಮೇಲೆ ಕಾಕೂನ ತಲೆ ಮೂಡಿತು. ಗುಂಡಗೇನೂ ಇರಲಿಲ್ಲ. ಎಡಗಡೆ ಸ್ವಲ್ಪ ಚಪ್ಪಟೆ, ಹಿಂದೆ ಒಂದು ಉಬ್ಬು. ಆ ಗೆರೆಯನ್ನು ಕಾಕಾ ಬಹಳ ಹೊತ್ತು ನೋಡುತ್ತಾ ಕೂತರು. ಇಷ್ಟು ವರ್ಷ ಸಂಸಾರ ಮಾಡಿ ಇವಳ ತಲೆ ಹೀಗಿದೆ ಎಂದು ಗೊತ್ತೇ ಇರಲಿಲ್ಲ ಎಂದರು. ಕಾಕೂ ನಾಚಿಕೊಂಡು ಒಳಗೆ ಹೋದರು.

ನಂತರ ಹಿತ್ತಾಳೆಯ ತಗಡನ್ನು ದುಂಡಗೆ ಕತ್ತರಿಸಿ, ಹುಣಸೆ ಮರದ ದಿಮ್ಮಿಯಲ್ಲಿ ಕೊರೆದ ಕುಳಿಯ ಮೇಲಿಟ್ಟು ನಡುವಿನಿಂದ ಬಡಿಯುತ್ತಾ ಬಂದರು. ತಗಡು ಮೆಲ್ಲಗೆ ತಟ್ಟೆಯಾಯಿತು, ತಟ್ಟೆ ಬಟ್ಟಲಾಯಿತು. ಬಡಿದಷ್ಟೂ ಹಿತ್ತಾಳೆ ಬಿರುಸಾಗುತ್ತದೆ. ಆಗ ಇದ್ದಿಲಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಬಡಿಯುವುದು, ಕಾಯಿಸುವುದು, ನೀರಿಗೆ ಅದ್ದುವುದು, ಮತ್ತೆ ಬಡಿಯುವುದು. ಅಂಚಿನಲ್ಲಿ ಸೀರೆಯ ನೆರಿಗೆಯಂತೆ ಮಡಿಕೆಗಳು ಏಳುತ್ತಿದ್ದವು; ಅವು ಒಂದರ ಮೇಲೊಂದು ಕೂರುವ ಮೊದಲೇ ಹೊಡೆದು ಕೂಡಿಸಬೇಕು, ತಪ್ಪಿದರೆ ತಗಡು ಸೀಳುತ್ತದೆ. ಬಟ್ಟಲನ್ನು ಉದ್ದ ಕಬ್ಬಿಣದ ಗೂಟದ ತಲೆಗೆ ಬೋರಲಾಗಿ ತೊಡಿಸಿ, ಹೊರಗಿನಿಂದ ಸಣ್ಣ ಸುತ್ತಿಗೆಯಿಂದ ಸಾಲುಸಾಲಾಗಿ ತಟ್ಟುತ್ತಾ ಎಡಗಡೆಯ ಆ ಚಪ್ಪಟೆ, ಹಿಂದಿನ ಆ ಉಬ್ಬು ಎಲ್ಲವನ್ನೂ ಹಿತ್ತಾಳೆಯಲ್ಲಿ ತಂದರು.

ತುಂಡುಗಳನ್ನು ಕೂಡಿಸುವುದು ಇನ್ನೂ ಕಷ್ಟವಾಯಿತು. ರದ್ದಿ ಕಾಗದ ಕತ್ತರಿಸಿ ಕಾಕೂನ ಕಿವಿಗೆ ಹಿಡಿದು ನೋಡಿ, ಅದರ ಮೇಲೆ ತಗಡು ಕತ್ತರಿಸುತ್ತಿದ್ದರು. ಮೊದಲನೆಯ ಕಿವಿಪಟ್ಟಿ ಕಾಕೂ ರೊಟ್ಟಿ ಅಗಿಯುವಾಗ ದವಡೆಗೆ ಒತ್ತಿತು. ಬಿಚ್ಚಿ ಕತ್ತರಿಸಿದರು. ಎರಡನೆಯದು ಸಡಿಲವಾಗಿ ಕಟಕಟ ಎಂದಿತು. ಮೂರನೆಯದಕ್ಕೆ ತಂತಿಯ ಕೀಲು ಹಾಕಿದಾಗ ಸರಿಹೋಯಿತು. ಹಿಂದಿನ ಪಟ್ಟಿಗಳು ಕಾಕೂ ಮೇಲೆ ನೋಡಿದರೆ ಕುತ್ತಿಗೆಗೆ ಚುಚ್ಚುತ್ತಿದ್ದವು. ಅವನ್ನೂ ಮೂರು ಸಲ ಬಿಚ್ಚಿ ಕಟ್ಟಿದರು. ತಾಮ್ರದ ಸಣ್ಣ ಮೊಳೆಗಳನ್ನು ತೂರಿಸಿ, ಒಳಗಡೆ ಅವುಗಳ ತಲೆ ಏಳದಂತೆ ಸಮ ಬಡಿದು, ಹಳೆ ರೇಷ್ಮೆಯ ತುಂಡೊಂದನ್ನು ಒಳಗೆಲ್ಲ ಎಳೆದು ನೋಡಿದರು. ಎಳೆ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಕಾಕೂ ಇದೆಲ್ಲದಕ್ಕೂ ಸ್ಟೂಲಿನ ಮೇಲೆ ಕುಳಿತು ತಲೆ ಕೊಡುತ್ತಿದ್ದರು, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಮದುವ್ಯಾಗ ಬಾಸಿಂಗ ಕಟ್ಟಿದ್ರು. ಈಗ ಬೋಗುಣಿ ಹೊರಸಾಕತ್ತಾರ ನೋಡ್ರಿ," ಎಂದು ನನಗೆ ಹೇಳಿ ನಕ್ಕಾಗ, ಗಂಡನಿಗೆ ಏನೂ ಕೇಳಿಸದಿದ್ದರೂ ಅವರೂ ನಕ್ಕರು.

ಕಾಕಾನ ಹೆಗ್ಗಳಿಕೆ ಇದ್ದದ್ದು ಮುಚ್ಚಳ ಕೂಡಿಸುವುದರಲ್ಲಿ. ಅವರು ಮಾಡಿದ ಡಬ್ಬಿಯ ಬಾಯಿಗೆ ಮುಚ್ಚಳ ಇಟ್ಟರೆ ಅದು ಒಳಗಿನ ಗಾಳಿಯನ್ನು ಹೊರಗೆ ಬಿಡುತ್ತಾ ತಾನಾಗಿಯೇ ಮೆಲ್ಲಗೆ ಇಳಿದು ಕೂರುತ್ತಿತ್ತು. ಕೂದಲೆಳೆಯಷ್ಟು ಸಂದಿಯಿದ್ದರೂ ಅದನ್ನು ಅವರು ಕೆಲಸವೆನ್ನುತ್ತಿರಲಿಲ್ಲ. ಈ ಟೊಪ್ಪಿಗೆಯೂ ಹಾಗೇ ಕೂತಿತು. ಕಾಕೂನ ತಲೆಯ ಮೇಲೆ ಇಟ್ಟಾಗ ಎಲ್ಲಿಯೂ ಅಲುಗಲಿಲ್ಲ, ಎಲ್ಲಿಯೂ ಬಿಟ್ಟು ನಿಲ್ಲಲಿಲ್ಲ. ನಾನು ಚಪ್ಪಾಳೆ ತಟ್ಟಿದೆ.

ಒಂದು ವಿಚಾರ ಉಳಿದಿತ್ತು. ಬರೀ ಲೋಹ ತಲೆಗೆ ಒತ್ತುತ್ತದೆ, ಒಳಗೆ ಸ್ವಲ್ಪ ಹತ್ತಿ ಹಾಕಿ ಹೊಲಿಯಬಾರದೇ ಎಂದು ಒಡತಿ ಹೇಳಿದರು. ಕಾಕಾ ಟೊಪ್ಪಿಗೆಯನ್ನು ಇನ್ನೂ ಅಗಲಿಸಲು ಬರುತ್ತದೆಯೇ ಎಂದು ತಿರುಗಿಸಿ ನೋಡಿದರು. ಸೀರೆಯ ತುಂಡನ್ನು ಮಡಿಸಿ ಒಳಗೆ ತುಂಬಿ ಕಲ್ಲಿನ ಮೇಲೆ ಬೀಳಿಸಿದರು. ಧಪ್ ಎಂದಿತು. ಬಟ್ಟೆ ತೆಗೆದು ಬೀಳಿಸಿದರು. ಖಣ್ ಎಂದು ಪಡಸಾಲೆ ತುಂಬ ಮೊಳಗಿತು, ಕಾಕಾನ ಮುಖ ಅರಳಿತು. ಆದರೂ ಒಂದು ಅನುಮಾನ ಉಳಿದಿರಬೇಕು. ಗೋಡೆಯ ಮೇಲಿನ ನನ್ನ ಚಿತ್ರದ ಕಡೆ ಬೆರಳು ಮಾಡಿ ನನ್ನನ್ನೇ ನೋಡಿದರು.

"ಆ ಔರಂಗಾಬಾದದ ಟೋಪ್ಯಾಗ ಒಳಗ ಹತ್ತಿ ಇತ್ತೇನ್ರಿ, ಬಾಯಾರ?"

ನಾನು ನೋಡಿರಲಿಲ್ಲ. ನೋಡಲಿಲ್ಲ ಎಂದು ಹೇಳಬಹುದಿತ್ತು. ಹತ್ತು ದಿನ ಅಲ್ಲಿದ್ದು, ಅವರು ಕೈಮುಗಿದು ಕೇಳಿದ ಒಂದೇ ಕೆಲಸವನ್ನು ಅರ್ಧ ಮಾಡಿ ಬಂದೆ ಎಂದು ಒಪ್ಪಿಕೊಳ್ಳಬೇಕಿತ್ತು. ಒಡತಿ ನೋಡುತ್ತಿದ್ದರು, ಕಾಕೂ ನೋಡುತ್ತಿದ್ದರು. ಇಲ್ಲವೆಂದು ತಲೆಯಾಡಿಸಿದೆ. ಒಂದೇ ಸಲ. ಅಷ್ಟು ಸುಲಭವಾಗಿ ಆಗಿಹೋಯಿತು ಅದು… ಕಾಕಾ ಸಮಾಧಾನದಿಂದ ಉಸಿರು ಬಿಟ್ಟು, ನಾಳೆ ಕಲಾಯಿ ಹಾಕುತ್ತೇನೆ ಎಂದರು. ತಲೆಯ ಎಣ್ಣೆ, ಬೆವರು ತಾಗಿ ಹಿತ್ತಾಳೆಗೆ ಹಸಿರು ಕಿಲುಬು ಬರಬಾರದಲ್ಲ. ಪಾತ್ರೆಗೆ ಮಾಡುವ ಹಾಗೆಯೇ ಅದರ ಒಳಮೈಗೆ ತವರದ ಕಲಾಯಿ ಹಾಕಿದರು. ನವಸಾಗರದ ಹೊಗೆ ನನ್ನ ಕೋಣೆಯ ತನಕ ಬಂತು. ಇಳಿದು ಬಂದು ಪಕ್ಕದಲ್ಲಿ ನಿಂತೆ; ನೋಡುನೋಡುತ್ತಿದ್ದಂತೆ ಒಳಗೆ ಕನ್ನಡಿಯ ಹಾಗೆ ಹೊಳಪು ಬಂತು.

ಕಾಕೂ ಅದನ್ನು ಸೆರಗಿನ ಕೆಳಗೆ ಹಾಕಿಕೊಂಡು ಮನೆಯೊಳಗೆ ಓಡಾಡತೊಡಗಿದರು. ಭಾರ ಎಂದು ಗೊಣಗುತ್ತಿದ್ದರು, ಬಿಸಿ ಎಂದು ಗೊಣಗುತ್ತಿದ್ದರು, ಆದರೆ ತೆಗೆಯಲಿಲ್ಲ. ಮೂರನೆಯ ವಾರ ಅಡುಗೆಮನೆಯಲ್ಲಿ ಜೋಳದ ಚೀಲದ ಮೇಲೆ ವಾಲಿ, ಅಲ್ಲಿಂದ ನೆಲಕ್ಕೆ ಜಾರಿದರು. ಸದ್ದು ಸಣ್ಣದು. ಆದರೂ ಕಾಕಾ ಸುತ್ತಿಗೆ ಎಸೆದು ಓಡಿದರು. ಹೆಂಡತಿ ಬಿದ್ದದ್ದು ಅವರಿಗೆ ಕೇಳಿಸಿದ್ದು ಅದೇ ಮೊದಲು. ಅಂದು ಓಣಿಯ ಎಲ್ಲರಿಗೂ ಅದನ್ನೇ ಹೇಳಿಕೊಂಡು ತಿರುಗಿದರು.

ಎರಡನೆಯ ಸಲ ಬಿದ್ದದ್ದು ಬ್ಯಾಂಕಿಗೆ ರಜೆ ಇದ್ದ ಒಂದು ದಿನ, ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಖಣ್ ಎಂಬ ಸದ್ದು ನನಗೆ ಮಹಡಿಯ ಮೇಲೂ ಕೇಳಿಸಿತು. ನಾನು ಇಳಿದು ಬರುವಷ್ಟರಲ್ಲಿ ಕಾಕಾ ಅಂಗಳದಲ್ಲಿದ್ದರು, ಕಾಕೂನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬಚ್ಚಲಿನ ಕಲ್ಲಿನ ಮೂಲೆಗೆ ಬಡಿದಿತ್ತು. ಒಂದು ಹನಿ ರಕ್ತವಿಲ್ಲ. ಟೊಪ್ಪಿಗೆಯ ಬಲಗಡೆ, ಕಿವಿಯ ಮೇಲ್ಭಾಗದಲ್ಲಿ, ಹೆಬ್ಬೆರಳು ಒತ್ತಿದಷ್ಟು ತಗ್ಗು ಬಿದ್ದಿತ್ತು. ಕಾಕೂ ಎಚ್ಚರವಾಗಿ, ನಾನು ಕಂಡಕೂಡಲೇ, ಚಹಾ ಒಲೆಯ ಮೇಲಿದೆ ಎಂದರು. ಕಾಕಾ ಟೊಪ್ಪಿಗೆಯನ್ನು ಬಿಚ್ಚಿ ಆ ತಗ್ಗನ್ನು ಎಲ್ಲರಿಗೂ ತೋರಿಸಿದರು. ಇದು ಅವಳ ತಲೆಗೆ ಬೀಳಬೇಕಿತ್ತು ನೋಡಿ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಒಡತಿ ಸಕ್ಕರೆ ತಂದು ಎಲ್ಲರ ಕೈಗೆ ಹಾಕಿದರು. ನಾನೂ ತಿಂದೆ.

ಹಿಂದೆಲ್ಲ ಬಿದ್ದಾಗ ರಕ್ತ ಸುರಿಯುತ್ತಿತ್ತು. ರಿಕ್ಷಾ ತಂದು ದವಾಖಾನೆಗೆ ಓಡುತ್ತಿದ್ದೆವು. ಅಲ್ಲಿ ಹೊಲಿಗೆ ಹಾಕಿ, ದಿನವಿಡೀ ಮಲಗಿಸಿಕೊಂಡು ನೋಡಿ ಕಳಿಸುತ್ತಿದ್ದರು. ಈ ಸಲ ರಕ್ತವೇ ಇಲ್ಲ. ಯಾರಿಗೂ ದವಾಖಾನೆಯ ನೆನಪಾಗಲಿಲ್ಲ. ಹನ್ನೊಂದಕ್ಕೆ ಕಾಕೂ ತಲೆನೋವು ಎಂದರು. ಮೂರ್ಛೆ ಬಂದುಹೋದ ಮೇಲೆ ತಲೆನೋವು ಯಾವಾಗಲೂ ಇರುವುದೇ. ಒಂದು ಸಲ ವಾಂತಿ ಮಾಡಿದರು. ಖಾಲಿ ಹೊಟ್ಟೆಗೆ ಚಹಾ ಕುಡಿದದ್ದಕ್ಕೆ ಎಂದುಕೊಂಡೆವು. ಚಾಪೆ ಹಾಸಿ ಮಲಗಿಸಿದೆವು. ಎರಡು ಗಂಟೆಗೆ ನಾನು ಹೋಗಿ ನೋಡಿದಾಗ ಗೊರಕೆ ಹೊಡೆಯುತ್ತಿದ್ದರು. ಒಳ್ಳೆಯ ನಿದ್ದೆ ಬಂದಿದೆ ಎಂದು ಬಾಗಿಲು ಮುಂದೆ ಮಾಡಿ ಬಂದೆ. ನಾಲ್ಕು ಗಂಟೆಗೆ ಎಬ್ಬಿಸಿದರೆ ಏಳಲಿಲ್ಲ.

ದವಾಖಾನೆಗೆ ಒಯ್ದಾಗ ಉಸಿರು ಇನ್ನೂ ಇತ್ತು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಬೆಳಿಗ್ಗೆಯೇ ಏಕೆ ತರಲಿಲ್ಲ ಎಂದು ಕಾಕಾನನ್ನು ಕೇಳಿದರು. ಕಾಕಾ ಅವರ ತುಟಿ ನೋಡಿದರು, ತಿಳಿಯದೆ ನನ್ನ ಮುಖ ನೋಡಿದರು, ಏನು ಹೇಳುತ್ತಿದ್ದಾರೆ ಎಂದು ಸನ್ನೆ ಮಾಡಿದರು. ನಾನು ಅದನ್ನು ಅವರಿಗೆ ತಿಳಿಸಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮಗಳು ಬಂದು, ದಿನಗಳೆಲ್ಲ ಮುಗಿದು, ಹೋದ ಮೇಲೆ ಕಾಕಾ ಮತ್ತೆ ಪಡಸಾಲೆಯಲ್ಲಿ ಕೂತರು. ಆ ಟೊಪ್ಪಿಗೆಯನ್ನು ತಿರುಗಿಸಿ ಹಿಡಿದು ಬೆರಳಿನಿಂದ ಒಳಗೆ ತಡವಿ ನೋಡುತ್ತಿದ್ದರು. ಹೊರಗಿನ ತಗ್ಗು ಒಳಗೆ ಉಬ್ಬಾಗಿ ಬಂದಿತ್ತು, ಕಲಾಯಿ ಅಲ್ಲಿ ಸ್ವಲ್ಪ ಬಿರಿದಿತ್ತು. ನಂತರ ಮೊಳೆಗಳನ್ನು ಒಂದೊಂದಾಗಿ ಕಿತ್ತು ತುಂಡುಗಳನ್ನು ಬೇರೆ ಮಾಡಿದರು. ಬಟ್ಟಲನ್ನು ಬೋರಲಿಟ್ಟು ಬಡಿಯತೊಡಗಿದರು. ಅದನ್ನು ಮತ್ತೆ ಸಪಾಟು ತಗಡು ಮಾಡುವ ಹಟ. ಹಾಗೆ ಆಗುವುದಿಲ್ಲ ಎಂಬುದು ಆ ಓಣಿಯಲ್ಲಿ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಕಾಯಿಸಲಿಲ್ಲ, ನೀರಿಗೆ ಅದ್ದಲಿಲ್ಲ, ಎರಡು ದಿನ ಸುಮ್ಮನೆ ಬಡಿದರು. ಮೇಲೆ ನಾನು ಕಿವಿಗೆ ಬೆರಳಿಟ್ಟುಕೊಂಡು ಮಲಗಿದ್ದೆ. ಅದು ಮುದುಡಿತು, ಸೀಳಿತು, ಸಪಾಟಾಗಲಿಲ್ಲ.

ಮರುವರ್ಷ ನನಗೆ ಸೊಲ್ಲಾಪುರಕ್ಕೆ ವರ್ಗವಾಯಿತು. ಅಲ್ಲಿಂದ ಇನ್ನೆಲ್ಲಿಗೋ… ಆ ತಲೆಯಾಡಿಸಿದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಒಳಗೆ ಹತ್ತಿ ಇರಲೇ ಇಲ್ಲವೇನೋ, ನಾನು ಹೇಳಿದ್ದೇ ನಿಜವಿರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ತೊಂಬತ್ತರ ದಶಕದ ನಡುವೆ ತಪಾಸಣೆಯ ಕೆಲಸಕ್ಕೆಂದು ಮತ್ತೆ ಔರಂಗಾಬಾದಿಗೆ ಹೋಗಬೇಕಾಯಿತು. ಮೊದಲ ಸಂಜೆಯೇ ಆ ವಾಡೆಗೆ ಹೋದೆ. ಅದೇ ಮುದುಕ, ಇನ್ನಷ್ಟು ಬಾಗಿದ್ದ. ಅದೇ ಗೂಟ, ಅದೇ ಶಿರಸ್ತ್ರಾಣ. ಒಳಗೆ ತೋರಿಸಿ ಎಂದೆ.

ಅವನು ಎರಡೂ ಕೈಯಿಂದ ಎತ್ತಿ ತಿರುಗಿಸಿ ಹಿಡಿದ. ಅಂಚಿನ ಸುತ್ತ ಸೂಜಿ ಹೋಗುವಷ್ಟು ಸಣ್ಣ ತೂತುಗಳ ಸಾಲು. ಅವುಗಳಲ್ಲಿ ಅಲ್ಲಲ್ಲಿ ಕಪ್ಪಾದ ದಾರ. ನೆತ್ತಿಯಲ್ಲಿ ಅಂಗೈಯಗಲದ ಹೊಲಿದ ಬಟ್ಟೆ ಇನ್ನೂ ಅಂಟಿಕೊಂಡಿತ್ತು, ಹರಿದ ಕಡೆ ಹಳದಿ ಹತ್ತಿ ಹೊರಗೆ ಇಣುಕಿತ್ತು. ಕಬ್ಬಿಣ ಯಾವತ್ತೂ ತಲೆಗೆ ತಾಗಬಾರದು, ನಡುವೆ ಒಂದು ಬೆರಳು ಹತ್ತಿ ಇರಲೇಬೇಕು, ಇಲ್ಲದಿದ್ದರೆ ಕತ್ತಿ ನಿಂತರೂ ಏಟು 'ಸೀದಾ ಅಂದರ್', ನೇರ ತಲೆಯೊಳಗೇ, ಹೋಗುತ್ತದೆ ಎಂದು ಅವನು ತನ್ನ ಹಿಂದಿಯಲ್ಲಿ ವಿವರಿಸಿದ. ತನ್ನ ಬೆರಳನ್ನು ಒಳಗೆ ಅಡ್ಡ ಹಿಡಿದು ಎಷ್ಟು ದಪ್ಪ ಎಂದು ತೋರಿಸಿದ. ಅಂದು ಎಂಟು ವರ್ಷದ ಹಿಂದೆ ಅವನು ತೋರಿಸಲು ಎತ್ತಿದ್ದು ಇದನ್ನೇ.

ಆ ಶನಿವಾರ ಬಸ್ಸು ಹಿಡಿದು ನಾಸಿಕಕ್ಕೆ ಹೋದೆ. ಹೇಳಿಬಿಡಬೇಕು ಎಂದೇ ಹೋದೆ. ಓಣಿಯಲ್ಲಿ ಸದ್ದು ಕಡಿಮೆಯಾಗಿತ್ತು. ಕಾಕಾನ ಪಡಸಾಲೆಯ ಅರ್ಧಭಾಗದಲ್ಲಿ ಯಾರೋ ಸ್ಟೀಲು ಪಾತ್ರೆ, ಪ್ಲಾಸ್ಟಿಕ್ ಬಕೆಟುಗಳ ಅಂಗಡಿ ಇಟ್ಟಿದ್ದರು. ಉಳಿದ ಮೂಲೆಯಲ್ಲಿ ಕಾಕಾ ಸಣ್ಣಪುಟ್ಟ ಪಾತ್ರೆಗೆ ಕಲಾಯಿ ಹಾಕುತ್ತಾ ಕುಳಿತಿದ್ದರು. ಗುರುತು ಹಿಡಿದರು. ಎದ್ದು ಸ್ಟೂಲು ಒರೆಸಿ ಕೊಟ್ಟರು. ಅದು ಕಾಕೂ ತಲೆ ಕೊಡಲು ಕೂರುತ್ತಿದ್ದ ಸ್ಟೂಲು. ಪಕ್ಕದಲ್ಲಿ ಒಂದು ಸ್ಟೀಲಿನ ತಟ್ಟೆ ಕೈಜಾರಿ ಬಿತ್ತು, ಅವರು ತಲೆ ಎತ್ತಲಿಲ್ಲ. ಭಾಂಡೆಯ ಮಾತೂ ಹೋಗಿತ್ತು.

ಅವರೇ ಮಾತು ಶುರು ಮಾಡಿದರು. ನನ್ನನ್ನು ನೋಡಲಿಲ್ಲ, ಕೈಯಲ್ಲಿದ್ದ ಪಾತ್ರೆ ನೋಡುತ್ತಿದ್ದರು.

"ನೀವು ಕಣ್ಣಾರೆ ನೋಡಿ ಬಂದಿದ್ರಿ. ಒಳಗ ಹತ್ತಿ ಇರಲಿಲ್ಲ ಅಂದ್ರಿ. ಹಂಗಾರ ನನ್ನ ಕೆಲಸದಾಗ ತಪ್ಪಿರಲಿಲ್ಲ. ಅಕಿ ಆಯುಷ್ಯನ ಅಷ್ಟ ಇತ್ತು. ನನ್ನ ತಪ್ಪೇನರ ಇತ್ತೇನ್ರಿ?"

ನಾನು ಹೇಳಿದೆ. ನಿಜವಾಗಿಯೂ ಹೇಳಿದೆ. ಕಾಕಾ, ಹತ್ತಿ ಇತ್ತು, ನಾನು ಅಂದು ನೋಡಿರಲಿಲ್ಲ, ಸುಳ್ಳು ಹೇಳಿದೆ ಎಂದೆ. ಆದರೆ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ, ಮುಖ ಕೆಳಗೆ ಹಾಕಿಕೊಂಡು, ಸೀಮೆಸುಣ್ಣದ ಗೆರೆ ಎಳೆದಿದ್ದ ಆ ನೆಲವನ್ನು ನೋಡುತ್ತಾ ಹೇಳಿದೆ. ಅವರಿಗೆ ಏನೋ ಅಂದೆ ಎಂಬುದು ಮಾತ್ರ ತಿಳಿಯಿತು. ಬಗ್ಗಿ ನನ್ನ ಮುಖ ನೋಡಲು ಪ್ರಯತ್ನಿಸಿದರು.

"ಏನಂದ್ರಿ, ಬಾಯಾರ?"

ಏನಿಲ್ಲ ಎಂದು ತಲೆಯಾಡಿಸಿದೆ. ಅಂದು ಆಡಿಸಿದ ಹಾಗೆಯೇ. ಅವರು ಅದನ್ನು ತಮ್ಮ ಪ್ರಶ್ನೆಗೆ ಉತ್ತರವೆಂದು ತಿಳಿದರು. ಒಳಗೆ ಹತ್ತಿ ಇರಲಿಲ್ಲ, ತಪ್ಪೂ ಇರಲಿಲ್ಲ. ಸಮಾಧಾನದಿಂದ ಉಸಿರು ಬಿಟ್ಟು, ಪಾತ್ರೆಯನ್ನು ಬೆಂಕಿಯ ಮೇಲಿಟ್ಟರು. ಅವರಿಗೆ ಉಳಿದಿದ್ದ ಒಂದು ನೆಮ್ಮದಿಯನ್ನು ಕಿತ್ತುಕೊಳ್ಳಬಾರದೆಂದು ಸುಮ್ಮನಾದೆ ಎಂದು ಬೇಕಾದರೆ ಬರೆಯಬಹುದು. ಅದು ಪೂರ್ತಿ ನಿಜವಲ್ಲ. ನನಗೆ ಹೆದರಿಕೆಯಾಗಿತ್ತು. ಎರಡು ವರ್ಷ ಬಿಟ್ಟು ಅವರು ಹೋದರೆಂದು ಅವರ ಮಗಳಿಂದ ಒಂದು ಕಾರ್ಡು ಬಂತು, ಮರಾಠಿಯಲ್ಲಿ.

ಹೋದ ವಾರ ಆ ಕಲಾಯಿಯವನು ಕರಗಿದ ತವರವನ್ನು ಬೋಗುಣಿಯ ಒಳಗೆಲ್ಲ ಹರಡಿ ಒರೆಸಿದ್ದು ಒಂದು ಹಿಡಿ ಹತ್ತಿಯಿಂದ. ಎಲ್ಲ ಕಲಾಯಿಯವರೂ ಹತ್ತಿಯಿಂದಲೇ ಒರೆಸುವುದು. ಕಾಕಾನೂ ಆ ದಿನ ಟೊಪ್ಪಿಗೆಯ ಒಳಗೆ ಮೂಲೆಮೂಲೆಗೂ ಹತ್ತಿ ಆಡಿಸಿ, ಹೊಳಪು ಬಂದ ಮೇಲೆ ಅದನ್ನು ತೆಗೆದು ಬೂದಿಗೆ ಎಸೆದಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಕಲಾಯಿಯವನು ಬೋಗುಣಿಯನ್ನು ನನ್ನ ಕೈಗೆ ಕೊಟ್ಟು, ಒಳಗೆ ಸರಿಯಾಗಿ ನೋಡಿಕೊಳ್ಳಿ ಅಮ್ಮಾ ಎಂದ. ನೋಡಿದೆ. ನನ್ನ ಮುಖ ಕಾಣಿಸಿತು. ಬೋಗುಣಿಯನ್ನು ಬೋರಲು ಹಾಕಿ ಅಟ್ಟದ ಮೇಲೆ ಇಟ್ಟೆ.